ಶುಕ್ರವಾರದ ನೀರು

ಮನುಷ್ಯಕುಲಕ್ಕೂ ಸಮುದ್ರಕ್ಕೂ ಅನಾದಿಯಾದ ನಂಟಿದೆ, ನಮ್ಮ ರಕ್ತದಲ್ಲಿರುವ ಉಪ್ಪು ಆ ತವರುಮನೆಯ ಉಪ್ಪೇ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಪುಣೆಯವರಿಗೆ ಮಾತ್ರ ಈ ನಂಟು ಅನ್ವಯಿಸುವುದಿಲ್ಲ. ಪುಣೆಗೂ ಸಮುದ್ರಕ್ಕೂ ನಡುವೆ ಒಂದು ಘಾಟಿದೆ, ಲೆಕ್ಕ ತಪ್ಪುವಷ್ಟು ಸುರಂಗಗಳಿವೆ, ಮತ್ತು ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನು ಕಂಡರೆ ಇದರಲ್ಲೇನಿದೆ ಎಂದು ಕೇಳುವ ರೈಲ್ವೆಯವರಿದ್ದಾರೆ. ‘ಸಮುದ್ರ’ ಎಂದು ಉತ್ತರ ಕೊಟ್ಟರೆ ಅವರು ನಂಬುವುದಿಲ್ಲ. ನಾನು ಮೂರು ಸಲ ಕೊಟ್ಟು ನೋಡಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪುಣೆಯ ದಂಡುಪ್ರದೇಶವಾದ ಕ್ಯಾಂಪಿನ ಒಂದು ಮೀನಿನಂಗಡಿಯಲ್ಲಿ ಕೆಲಸಕ್ಕಿದ್ದೆ. ತಿನ್ನುವ ಮೀನಲ್ಲ, ನೋಡುವ ಮೀನು. ಈ ಭೇದವನ್ನು ಬಾಗಲಕೋಟೆಯ ನಮ್ಮ ಬಳಗಕ್ಕೆ ಪತ್ರಮುಖೇನ ವಿವರಿಸುವಷ್ಟರಲ್ಲಿ, ನನಗೆ ಹೆಣ್ಣು ಕೊಡುವ ವಿಚಾರದಲ್ಲಿದ್ದವರು ವಿಚಾರ ಬಿಟ್ಟಿದ್ದರು. ಆಮೇಲೆ ನಾನೂ ವಿವರಿಸುವುದನ್ನು ಬಿಟ್ಟೆ. ನಾನಾ ಪೇಟೆಯ ಒಂದು ಹಳೆಯ ವಾಡೆಯಲ್ಲಿ ನನ್ನದೊಂದು ಕೋಣೆ, ಒಂದು ಸ್ಟೋವು, ಊರಿನಿಂದ ಬರುವಾಗ ಅಜ್ಜಿ ಹೊರಿಸಿ ಕಳಿಸಿದ ತಾಮ್ರದ ಹಂಡೆ. ದಿನವಿಡೀ ಮರಾಠಿ, ನಡುನಡುವೆ ಹಿಂದಿ. ರಾತ್ರಿ ಕನಸು ಯಾವ ಭಾಷೆಯಲ್ಲಿ ಬೀಳುತ್ತಿತ್ತೋ ಗೊತ್ತಿಲ್ಲ. ಅದರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಬಿಳಿ ಸೀರೆಯ, ಬೆನ್ನು ನೆಟ್ಟಗಿದ್ದ, ಅರವತ್ತರ ಹತ್ತಿರದ ಹೆಂಗಸೊಬ್ಬರು, ಅಲ್ಲಿಯ ರೂಢಿಯಲ್ಲಿ ಬಾಯಿ, ಬಂದು ಜೋಕರ್ ಮೀನು ಬೇಕೆಂದು ಮರಾಠಿಯಲ್ಲಿ ಕೇಳಿದರು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ, ಸಮುದ್ರದ್ದು. ಸಿಹಿನೀರಿನ ಅಂಗಡಿಯಲ್ಲಿ ಅದಕ್ಕೇನು ಕೆಲಸ ಎಂಬುದನ್ನು ನಾನು ಮರಾಠಿಯಲ್ಲೇ ಸವಿಸ್ತಾರವಾಗಿ ಹೇಳಿದೆ. ಅವರು ಕೇಳಿಸಿಕೊಂಡು, ಮುಖ ಆಚೆ ತಿರುಗಿಸಿ, ತಮ್ಮಷ್ಟಕ್ಕೆ ಅಂದರು:

“ಇವಂಗೇನ ತಿಳೀತದ, ಮಣ್ಣ.”

“ಸ್ವಲ್ಪ ತಿಳೀತದ್ರಿ, ಬಾಯಾರ,” ಎಂದೆ.

ಅವರು ನಾಚಿಕೊಳ್ಳಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾವೂರ?” ಎಂದರು.

ಸೈನ್ಯದ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು, ಧಾರವಾಡ ಕಡೆಯವರು. ಖಡಕಿಯಲ್ಲಿ ಒಂದು ಹಳೆಯ ಬಂಗಲೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ನೌಕರಿಯ ಕಾಲದಲ್ಲಿ ಎರಡು ವರ್ಷ ಅಂಡಮಾನಿಗೆ ವರ್ಗವಾಗಿತ್ತಂತೆ. ಅಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡಿದ ಮೀನು ಇದು. ಕಡಲ ಹೂವು ಎಂದು ನಮ್ಮ ವ್ಯಾಪಾರದಲ್ಲಿ ಕರೆಯುವ ಒಂದು ಪ್ರಾಣಿಯಿದೆ. ನೋಡಲು ದೊಡ್ಡ ಸೇವಂತಿಗೆ, ಸ್ವಭಾವದಲ್ಲಿ ಚೇಳು. ಮುಟ್ಟಿದ ಸಣ್ಣ ಜೀವವನ್ನು ಕುಟುಕಿ ನುಂಗುತ್ತದೆ. ಜೋಕರ್ ಮೀನನ್ನು ಮಾತ್ರ ಕುಟುಕುವುದಿಲ್ಲ. ಅದರ ಎಸಳುಗಳ ನಡುವೆಯೇ ಈ ಮೀನಿನ ಸಂಸಾರ.

“ಎಲ್ಲಾರ್ನೂ ಕಡಿಯೋದು ಇದೊಂದನ್ನ ಒಳಗ ಕರಕೋತದ. ಅದನ್ನ ದಿನಾ ಕುಂತ ನೋಡಬೇಕಂತೀನಿ. ನಲವತ್ತ ವರ್ಷ ಜಡ್ಡಾದವರನ್ನ ನೋಡೇನಿ, ಸಾಕು,” ಎಂದರು ಬಾಯಿ.

ನಮ್ಮ ಮಾಲೀಕನಿಗೆ ಜೀವಮಾನದಲ್ಲಿ ಇಲ್ಲ ಎಂದು ಹೇಳಿ ಗೊತ್ತಿರಲಿಲ್ಲ. “ಪಾಣಿ ಆಣಿ ಮೀಠ, ದುಸ್ರಂ ಕಾಯ?” ಎಂದ. ನೀರು ಮತ್ತು ಉಪ್ಪು, ಇನ್ನೇನು. ಕೆಲಸ ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ, ಮಂಗಳವಾರ, ಖಡಕಿಗೆ ಹೋಗಿ ನೋಡಿಕೊಳ್ಳುವುದು ಕರಾರು.

ನಮ್ಮ ಅಂಗಡಿಯ ತೊಟ್ಟಿಗಳೆಲ್ಲ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಪುಟ್ಟಿ ಮೆತ್ತಿದವು. ಉಪ್ಪುನೀರಿಗೆ ಕಬ್ಬಿಣ ಮೂರು ತಿಂಗಳ ತುತ್ತು. ಆದ್ದರಿಂದ ಬರೀ ಗಾಜನ್ನು ಸಿಲಿಕೋನಿನಿಂದ ಅಂಟಿಸಿದೆ. ಆ ಪದಾರ್ಥ ಆಗಿನ್ನೂ ಹೊಸದು, ಒಣಗುವವರೆಗೆ ಕೋಣೆಯೆಲ್ಲ ಉಪ್ಪಿನಕಾಯಿ ಕೆಟ್ಟ ಹಾಗೆ ನಾರುತ್ತಿತ್ತು. ಮೂರು ಅಡಿ ಉದ್ದದ ತೊಟ್ಟಿ. ತಳಕ್ಕೆ ತೂತಿನ ಹಲಗೆ, ಅದರ ಮೇಲೆ ಕುಟ್ಟಿದ ಕಪ್ಪೆಚಿಪ್ಪಿನ ಚೂರು ಮೂರು ಬೆರಳು ದಪ್ಪ. ಗಾಳಿಯ ಪಂಪು ನೀರನ್ನು ಆ ಚೂರುಗಳ ಮೂಲಕ ಎಳೆದು ಮೇಲಕ್ಕೆ ಉಗುಳಬೇಕು. ನೀರು ಮುಂಬಯಿಯದು. ಬಂದರಿನ ಅಂಚಿನ ನೀರಲ್ಲಿ ಎಣ್ಣೆ ತೇಲುತ್ತದೆಂದು ಮುಂಬಯಿಯ ಸರಬರಾಜುದಾರ ದೋಣಿಯಲ್ಲಿ ದೂರ ಹೋಗಿ ತುಂಬಿಸುತ್ತಿದ್ದ, ನಾನು ರೈಲಿನಲ್ಲಿ ತರುತ್ತಿದ್ದೆ. ತಂದದ್ದನ್ನು ಎರಡು ವಾರ ಕತ್ತಲಲ್ಲಿ ಇಟ್ಟು, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಬಸಿಯಬೇಕು.

ಉಪ್ಪಿನ ಪ್ರಮಾಣ ನೋಡುವ ಸಾಧನ ಪುಣೆಯಲ್ಲಿ ಸಿಗಲಿಲ್ಲ. ಕೊನೆಗೆ ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ತಂದೆ. ಅದನ್ನು ತೇಲಿಬಿಟ್ಟರೆ ಅರಬ್ಬೀ ಸಮುದ್ರ ಇಪ್ಪತ್ತಮೂರಕ್ಕೆ ನಿಲ್ಲುತ್ತಿತ್ತು. ಇಪ್ಪತ್ತೆಂಟರ ಮೇಲೆ ನಿಲ್ಲಬೇಕಾದ ಬಾಯಿಯವರ ಗವಳಿಯ ಹಾಲೂ ಇಪ್ಪತ್ತಮೂರಕ್ಕೇ ನಿಂತಿತು. ಇಬ್ಬರಲ್ಲಿ ಸಮುದ್ರವೇ ಪ್ರಾಮಾಣಿಕ ಎಂದು ನಾವು ತೀರ್ಮಾನಿಸಿದೆವು.

ಮೊದಲ ಜೋಡಿ ಒಂಬತ್ತು ದಿನ ಬದುಕಿತು. ತಪ್ಪು ಅವಸರದ್ದು. ಹೊಸ ತೊಟ್ಟಿಯ ಚಿಪ್ಪಿನ ಚೂರುಗಳಲ್ಲಿ ಮೀನಿನ ಹೊಲಸನ್ನು ಕರಗಿಸಿಕೊಳ್ಳುವ ಕಣ್ಣಿಗೆ ಕಾಣದ ಜೀವಿಗಳು ನೆಲೆಯಾಗಲು ಒಂದೂವರೆ ತಿಂಗಳು ಬೇಕು. ಮಾಲೀಕ ಒಂದೂವರೆ ವಾರ ಕೊಟ್ಟಿದ್ದ. ಬಾಯಿ ಅತ್ತುಕರೆದು ಮಾಡಲಿಲ್ಲ. ಮುಂದಿನ ಮಂಗಳವಾರ ಹೋದಾಗ ತೊಟ್ಟಿಯ ಮಗ್ಗುಲಿಗೆ ಒಂದು ರಟ್ಟು ತೂಗಾಡುತ್ತಿತ್ತು. ಆಸ್ಪತ್ರೆಯ ಹಾಸಿಗೆಯ ಕಾಲಿಗೆ ಕಟ್ಟುವಂಥ ಚಾರ್ಟು. ದಿನಕ್ಕೆ ಮೂರು ಹೊತ್ತು ನೀರಿನ ಉಷ್ಣತೆ ಕೆಂಪು ಪೆನ್ಸಿಲಿನಲ್ಲಿ, ಲ್ಯಾಕ್ಟೋಮೀಟರಿನ ಅಂಕಿ ನೀಲಿಯಲ್ಲಿ. ಕೆಳಗೆ ಆಹಾರ, ವಿಸರ್ಜನೆ, ಷರಾ.

“ನಿಮ್ಮ ಮಾಲೀಕ್ಗ ಹೇಳ್ರಿ,” ಎಂದರು, “ಇನ್ನ ಮ್ಯಾಲ ಈ ವಾರ್ಡಿನ್ಯಾಗ ಭರ್ತಿ ಮಾಡೂದು, ಡಿಸ್ಚಾರ್ಜ್ ಮಾಡೂದು ನಾನು.”

ಹಾಗೆ ನಿಯಮಬದ್ಧವಾಗಿ ಕಾದು, ಸಂಕ್ರಾಂತಿ ಮುಗಿದ ಮೇಲೆ ಎರಡನೆಯ ಜೋಡಿ ಮತ್ತು ಹೂವು ಬಂದವು. ಹೂವು ಮುಚ್ಚಿದ ಮುಷ್ಟಿಯ ಹಾಗೆ ಬಂದು, ಎರಡು ದಿನ ಕಲ್ಲಿಗೆ ಅಂಟಿ ಸುಮ್ಮನಿದ್ದು, ಮೂರನೆಯ ದಿನ ಊಟದ ತಟ್ಟೆಯಷ್ಟು ಅಗಲಕ್ಕೆ ಬಿಚ್ಚಿಕೊಂಡಿತು. ಮೀನುಗಳು ಮೊದಲು ಬಾಲ ತಾಗಿಸಿದವು, ಆಮೇಲೆ ಹೊಟ್ಟೆ, ಆಮೇಲೆ ಪೂರಾ ಒಳಗೆ ಹೊರಳಿದವು. ಬಾಯಿ ಎರಡು ಕುರ್ಚಿ ಹಾಕಿಸಿದ್ದರು. ನಾವಿಬ್ಬರೂ ಕೈಯಲ್ಲಿ ಚಹಾದ ಕಪ್ಪು ಹಿಡಿದು, ಚಹಾ ಆರುವವರೆಗೆ ನೋಡಿದೆವು.

“ಮಾಸ್ತರ, ಗೃಹಪ್ರವೇಶ ಆತು ನೋಡ್ರಿ,” ಎಂದರು. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ವಿವರಿಸುತ್ತೇನೆಂದು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು.

ಹೂವಿಗೂ ಮೀನಿಗೂ ಸಿಗಡಿ ಬೇಕು, ಸಣ್ಣಗೆ ಹೆಚ್ಚಿದ್ದು. ಮಂಗಳವಾರ ಬೆಳಿಗ್ಗೆ ಕ್ಯಾಂಪಿನ ಮಾರುಕಟ್ಟೆಯಲ್ಲಿ ನಾನು ನಾಲ್ಕು ಸಿಗಡಿ ಕೇಳುತ್ತಿದ್ದೆ. ಹುಟ್ಟಾ ಕಾಯಿಪಲ್ಲೆ ಉಣ್ಣುವವನು ನಾನು, ಅದನ್ನು ಕೈಯಲ್ಲಿ ಹಿಡಿಯಲೂ ಬಾರದು. ಮೀನು ಮಾರುವವಳು “ಚಾರಚ?” ಎಂದು ಕೇಳಿ, ನಾಲ್ಕನ್ನೇ ಎಣಿಸಿ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದಳು. ವಾರಕ್ಕೆ ನಾಲ್ಕು ಸಿಗಡಿ ಕೊಳ್ಳುವವನ ಮನೆಯಲ್ಲಿ ಯಾರಿದ್ದಾರೆ ಎಂದು ಅವಳು ಯಾವತ್ತೂ ವಿಚಾರಿಸಲಿಲ್ಲ. ನೋಡಿದರೆ ತಿಳಿಯುವ ವಿಷಯ.

ಕರೆಂಟು ಹೋದರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಕೆಲವೇ ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಅದಕ್ಕೆ ಲಾರಿಯ ಟ್ಯೂಬೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದರಿಂದ ಸಲೈನ್ ನಳಿಗೆ ಎಳೆದು ತೊಟ್ಟಿಗೆ ಬಿಟ್ಟೆವು. ಸಲೈನಿನ ಚಕ್ರದ ಕ್ಲಿಪ್ಪನ್ನು ಬಾಯಿ ಹೆಬ್ಬೆರಳಿನಿಂದ ಅರ್ಧ ಎಳೆ ತಿರುಗಿಸಿ, ಗುಳ್ಳೆಗಳನ್ನು ಗಡಿಯಾರ ನೋಡಿ ಎಣಿಸುತ್ತಿದ್ದರು. “ನಿಮಿಷಕ್ಕ ಅರವತ್ತು. ನಡೀಲಿ.”

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ನಾನು ಒಂದು ಸುಧಾರಣೆ ತಂದೆ.

ತೊಟ್ಟಿಯ ನೀರು ದಿನಾ ಆವಿಯಾಗುತ್ತದೆ. ಹೋಗುವುದು ನೀರು, ಉಳಿಯುವುದು ಉಪ್ಪು. ಆದ್ದರಿಂದ ಗಾಜಿನ ಮೇಲೆ ಗೀಚಿದ ಗುರುತಿನವರೆಗೆ ದಿನಾ ಸಿಹಿನೀರು ಸುರಿಯಬೇಕು; ಪುಣೆಯ ಒಣ ಬೇಸಿಗೆಯಲ್ಲಿ ವಾರಕ್ಕೆ ಹತ್ತು ಲೀಟರು. ಬಾಯಿ ನಲ್ಲಿಯ ನೀರನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಒಂದು ದಿನ ಇಟ್ಟು ಸುರಿಯುತ್ತಿದ್ದರು. ಅದರಲ್ಲಿ ದೋಷವೇನೂ ಇರಲಿಲ್ಲ.

ದೋಷ ಇದ್ದದ್ದು ಶುಕ್ರವಾರದಲ್ಲಿ. ಶುಕ್ರವಾರ ಅಂಗಡಿಗೆ ರಜೆ. ಬೆಳಿಗ್ಗೆ ಬಟ್ಟೆ ಒಗೆದರೆ ಒಂಬತ್ತಕ್ಕೆಲ್ಲ ಮುಗಿಯುತ್ತಿತ್ತು; ಅನ್ನಕ್ಕೆ ಇಟ್ಟರೆ ಹನ್ನೊಂದು. ಅದಾದ ಮೇಲೆ ಸಂಜೆಯವರೆಗೂ ಯಾರೂ ಬರದ ಒಂದು ದೊಡ್ಡ ದಿವಸ ನನ್ನ ಎದುರು ಕೂತಿರುತ್ತಿತ್ತು. ಹೋಳಿಯ ಸುಮಾರಿಗೆ ನಾನು ಬಾಯಿಗೆ ಗಂಭೀರವಾಗಿ ಹೇಳಿದೆ, ಖಡಕಿಯ ನಲ್ಲಿಗೆ ಬ್ಲೀಚಿಂಗ್ ಪುಡಿ ಜಾಸ್ತಿ ಹಾಕುತ್ತಿದ್ದಾರೆ, ಹೂವಿಗೆ ಇದು ಒಳ್ಳೆಯದಲ್ಲ, ನಮ್ಮ ವಾಡೆಯ ನೀರನ್ನು ತಾಮ್ರದ ಹಂಡೆಯಲ್ಲಿ ಇಟ್ಟು ಪ್ರತಿ ಶುಕ್ರವಾರ ನಾನೇ ತರುತ್ತೇನೆ.

“ತಾಮ್ರದ್ದಾ?” ಬಾಯಿಯ ಮುಖ ಅರಳಿತು. “ನಮ್ಮವ್ವ ತಾಮ್ರದ ಬಿಂದಗಿ ಬಿಟ್ಟ ಬ್ಯಾರೆ ನೀರ ಬಾಯಾಗ ಹಾಕತಿದ್ದಿಲ್ಲ. ಖರೆ ಅಂದ್ರ ಅದ ನೀರು. ತರ್ರಿ, ತರ್ರಿ.”

ನಲವತ್ತು ವರ್ಷದ ವೈದ್ಯಕೀಯ ಅನುಭವ ಒಂದು ಕಡೆ, ಅವರ ಅವ್ವ, ನನ್ನ ಅಜ್ಜಿ ಇಬ್ಬರ ಅಭಿಪ್ರಾಯ ಇನ್ನೊಂದು ಕಡೆ; ತಕ್ಕಡಿ ಎತ್ತ ವಾಲಿತೆಂದು ಹೇಳಬೇಕಿಲ್ಲ. ನಾನು ಗುರುವಾರ ಬೆಳಿಗ್ಗೆ ಹಂಡೆಯನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಮುಖ ಕಾಣುವ ಹಾಗೆ ತಿಕ್ಕಿ, ನೀರು ತುಂಬಿ, ಒಂದು ಹಗಲು ಒಂದು ರಾತ್ರಿ ಇಟ್ಟು, ಶುಕ್ರವಾರ ಹತ್ತು ಲೀಟರಿನ ಕ್ಯಾನನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಸಂಗಮದ ಸೇತುವೆ ದಾಟಿ ಖಡಕಿಗೆ ಹೋಗತೊಡಗಿದೆ. ಬಾಯಿ ಶುಕ್ರವಾರಕ್ಕೆ ಒಗ್ಗರಣೆ ಅವಲಕ್ಕಿ ಮಾಡಿಡುತ್ತಿದ್ದರು. ಚಾರ್ಟಿನ ಷರಾದಲ್ಲಿ ಹೊಸ ನಮೂದು ಬಂತು: ಮಾ. ನೀರು. ಮಾಸ್ತರನ ನೀರು ಎಂದರ್ಥ.

ಫಲ ಬೇಗ ಕಂಡಿತು. ಫೆಬ್ರುವರಿಯಿಂದ ದೊಡ್ಡ ಮೀನಿನ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಬಂದು ಹೋಗಿ ಮಾಡುತ್ತಿದ್ದವು. ಉಪ್ಪುನೀರಿನ ಮೀನಿಗೆ ಅದು ಮಾರಿಯಂಥ ರೋಗ. ಎರಡು ವಾರ ನನ್ನ ನೀರು ಬಿದ್ದದ್ದೇ ತಡ, ಚುಕ್ಕೆಗಳು ಮಾಯವಾದವು. “ಹಂಡೆಯ ಮಹಿಮೆ,” ಎಂದೆ. ವಿನಯವನ್ನು ಬದಿಗಿಟ್ಟು ಇನ್ನೂ ಏನೇನೋ ಅಂದೆ.

ಹೂವು ಅದೇ ಹೊತ್ತಿಗೆ ಕುಗ್ಗಲು ಶುರುವಾಯಿತು.

ಮೊದಲು ಎಸಳುಗಳ ತುದಿ ಮಂಕಾದವು. ಆಮೇಲೆ ಬೆಳಿಗ್ಗೆ ತಡವಾಗಿ ಬಿಚ್ಚುವುದು, ಸಂಜೆ ಬೇಗ ಮುದುಡುವುದು. ಬಾಯಿ ದಿನಾ ಹನ್ನೆರಡು ಗಂಟೆಗೆ ಗಾಜಿನ ಹೊರಗಿನಿಂದ ಟೇಪು ಹಿಡಿದು ಅಗಲ ಬರೆಯುತ್ತಿದ್ದರು. ಹತ್ತು ಅಂಗುಲ ಇದ್ದದ್ದು ಒಂಬತ್ತು, ಏಳೂವರೆ. ನಾನು ಬೆಳಕು ಸಾಲದೆಂದು ಇನ್ನೆರಡು ಟ್ಯೂಬ್‌ಲೈಟು ಹಾಕಿದೆ. ಹದಿನೈದು ದಿನ ಕಾದೆವು: ಆರೂವರೆ. ಬಿಸಿ ಹೆಚ್ಚಾಯಿತೆಂದು ಏಪ್ರಿಲಿನಲ್ಲಿ ಮುಚ್ಚಳ ತೆಗೆದು ಟೇಬಲ್ ಫ್ಯಾನು ತಿರುಗಿಸಿದೆವು, ಬರ್ಫವನ್ನು ಚೀಲದಲ್ಲಿ ಕಟ್ಟಿ ತೇಲಿಬಿಟ್ಟೆವು. ಉಷ್ಣತೆ ಇಳಿಯಿತು, ಹೂವೂ ಇಳಿಯಿತು. ಫ್ಯಾನಿನ ಗಾಳಿಗೆ ನೀರು ಇನ್ನೂ ಬೇಗ ಆರುತ್ತದೆ. ಹಾಗಾಗಿ ನಾನು ಶುಕ್ರವಾರ ಒಂದರ ಬದಲು ಎರಡು ಕ್ಯಾನು ಒಯ್ಯಲಾರಂಭಿಸಿದೆ. ಸಿಗಡಿಯನ್ನು ಬಾಯಿ ಇಕ್ಕಳದಲ್ಲಿ ಹಿಡಿದು ಹೂವಿನ ಬಾಯಿಗೇ ಕೊಟ್ಟರೆ, ಅದು ಒಂದು ತಾಸು ಇಟ್ಟುಕೊಂಡು ಹೊರಗೆ ಹಾಕುತ್ತಿತ್ತು.

“ಊಟ ಬಿಟ್ಟದ,” ಎಂದರು ಬಾಯಿ. “ಊಟ ಬಿಟ್ಟವರದ ನನಗ ಕಾಳಜಿ. ಉಳಿದವರದ ಡಾಕ್ಟರಗ ಇರಲಿ.”

ಮೇ ಮುಗಿಯುವಾಗ ಹೂವು ಪೇರಲ ಹಣ್ಣಿನಷ್ಟಿತ್ತು. ಮೀನುಗಳಿಗೆ ಒಳಗೆ ಜಾಗ ಸಾಲದೆ, ಎರಡೂ ಅದರ ಪಕ್ಕದಲ್ಲಿ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಿದ್ದವು, ಬಸ್ ತಪ್ಪಿದವರ ಹಾಗೆ. ಬಾಯಿ ಈಗ ಮಾತು ಕಡಿಮೆ ಮಾಡಿದ್ದರು. ಒಂದು ಶುಕ್ರವಾರ ಚಹಾ ಕೊಡುತ್ತಾ ಅಂದರು: “ಮಾಸ್ತರ, ಇದ ಹ್ವಾದ್ರ ತೊಟ್ಟಿ ತೆಗದ ಬಿಡೂಣು. ಬರೇ ಮೀನ ನೋಡ್ಕೋತ ಕುಂದ್ರಾಕ ನನಗಾಗೂದಿಲ್ಲ. ನಿಮಗೂ ಸುಮ್ಮ ತ್ರಾಸ.”

ನನಗೇನೂ ತ್ರಾಸವಿಲ್ಲ ಎಂದು ಹೇಳಬೇಕೆಂದಿದ್ದೆ. ಕ್ಯಾನು ಎತ್ತಿಕೊಂಡು ಎದ್ದೆ. ಹಿಂದಿರುಗುವಾಗ ಸೇತುವೆಯ ಮೇಲೆ ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ತೊಟ್ಟಿ ತೆಗೆದರೆ ಮಂಗಳವಾರವೂ ಇಲ್ಲ, ಶುಕ್ರವಾರವೂ ಇಲ್ಲ. ಪುಣೆಯಲ್ಲಿ ನನಗೆ ಕುರ್ಚಿ ಹಾಕುವ ಇನ್ನೊಂದು ಮನೆ ಇರಲಿಲ್ಲ.

ಜೂನಿನ ಮೊದಲ ವಾರ ಅಂಗಡಿಗೆ ಒಬ್ಬ ಗಿರಾಕಿ ಬಂದ. ಬಂಗಲೆಯ ತೋಟದ ತಾವರೆಕೊಳದಲ್ಲಿ ಬಸವನಹುಳು ವಿಪರೀತವಾಗಿವೆ, ಏನಾದರೂ ಕೊಡಿ ಎಂದ. ನಾನು ಮೈಲುತುತ್ತದ ಪೊಟ್ಟಣ ತೆಗೆದು ಎಂದಿನ ಉಪನ್ಯಾಸ ಆರಂಭಿಸಿದೆ. ಇದು ತಾಮ್ರದ ಉಪ್ಪು, ಚಿಟಿಕೆ ಸಾಕು. ಮೀನು ತಡೆದುಕೊಳ್ಳುತ್ತದೆ, ಮೀನಿನ ಮೈಮೇಲಿನ ಹುಳು ಕೂಡ ಇದರಿಂದ ಸಾಯುತ್ತದೆ. ಆದರೆ ಬೆನ್ನೆಲುಬು ಇಲ್ಲದ ಯಾವ ಪ್ರಾಣಿಯೂ ತಾಮ್ರದಲ್ಲಿ ಬದುಕುವುದಿಲ್ಲ. ಬಸವನಹುಳು, ಸಿಗಡಿ, ಹೂವು...

ಈ ಉಪನ್ಯಾಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೆ. ಕೇಳಿಸಿಕೊಂಡದ್ದು ಅದೇ ಮೊದಲು.

ಗಿರಾಕಿ “ಪುಢೆ?” ಎಂದ. ಮುಂದಿನದು ನೆನಪಾಗದೆ ಪೊಟ್ಟಣ ಅವನ ಕೈಗಿಟ್ಟೆ.

ಅನುಮಾನವನ್ನು ಅನುಮಾನವಾಗಿಯೇ ಇಟ್ಟುಕೊಳ್ಳುವ ಆಸೆ ಒಂದು ದಿನ ಇತ್ತು. ಆಮೇಲೆ ಪರೀಕ್ಷೆ ಮಾಡಿದೆ. ಗುರುವಾರ ಅಂಗಡಿಗೆ ಹೋಗದೆ, ಬುಧವಾರವೇ ತುಂಬಿಟ್ಟ ಹಂಡೆಯ ಹತ್ತು ಲೀಟರು ನೀರನ್ನು ಬೇರೆ ಪಾತ್ರೆಯಲ್ಲಿ ಸ್ಟೋವಿನ ಮೇಲೆ ಬೆಳಗಿನಿಂದ ಕಾಯಿಸಿ, ಬತ್ತಿಸಿ, ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಬಟ್ಟಲಿಗೆ ಇಳಿಸಿದೆ. ನಕ್ಷೆಗಳ ಪ್ರತಿ ತೆಗೆಯುವ ಅಂಗಡಿಯಿಂದ ಅಮೋನಿಯಾ ಬೇಡಿ ತಂದಿದ್ದೆ. ತಾಮ್ರವಿದ್ದರೆ ಅಮೋನಿಯಾಕ್ಕೆ ನೀಲಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆರು ಹನಿ ಹಾಕಿದೆ. ನಾಲ್ಕನೆಯದಕ್ಕೇ ಬಂದಿತ್ತು, ಉಳಿದ ಎರಡನ್ನು ಆಸೆಗೆ ಹಾಕಿದ್ದು. ಆಕಾಶದಂಥ ನೀಲಿ, ತೆಳುವಾಗಿ, ನೋಡಲು ಬಹಳ ಚೆಂದವಾಗಿ. ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ನಾನು ಪ್ರತಿ ವಾರ ಹೊಸ ತಾಮ್ರವನ್ನು ನೀರಿಗೆ ಒಡ್ಡಿದ್ದೆ. ಮೀನಿನ ಚುಕ್ಕೆ ಹೋದದ್ದೂ ಅದರಿಂದಲೇ, ಹೂವು ಹೋಗುತ್ತಿದ್ದದ್ದೂ ಅದರಿಂದಲೇ.

ಸಂಜೆ ಮಾಲೀಕನಿಗೆ ಹೇಳಿದೆ. ಅವನು ಬೀಡಿ ಹಚ್ಚಿ ಸಾವಧಾನವಾಗಿ ಯೋಚಿಸಿದ. ಸಮುದ್ರದ್ದೇ ತಪ್ಪು ಎನ್ನು, ಈ ಸಲ ಬಂದ ನೀರೇ ಕೆಟ್ಟದ್ದಿತ್ತು ಎನ್ನು, ಎಂದ. “ಸಮುದ್ರ ಯೇಣಾರ್ ಆಹೇ ಕಾ ವಿಚಾರಾಯಲಾ?” ಕೇಳಲು ಸಮುದ್ರವೇನು ಬರುತ್ತದೆಯೇ?

ಬುದ್ಧಿವಂತ ಸಲಹೆ. ಅದನ್ನು ನಾನು ಆ ರಾತ್ರಿಯೇ ಅರ್ಧ ಒಪ್ಪಿಕೊಂಡಿದ್ದೆ. ಸಮುದ್ರದ ಮೇಲೆ ಹಾಕಿದರೆ ಹೊಸ ನೀರು ತರುವ ನೆಪ, ಹೊಸ ಹೂವಿನ ನೆಪ. ಶುಕ್ರವಾರ ಉಳಿಯುತ್ತದೆ, ಹಂಡೆಗೆ ಬದಲು ಗಡಿಗೆಯ ನೀರು ಒಯ್ದರಾಯಿತು. ಖರೆ ಹೇಳಿದರೆ ಬಾಯಿ ಕೇಳುವುದೊಂದೇ ಪ್ರಶ್ನೆ: ತಮ್ಮ ಮನೆಯ ಬಕೀಟಿನ ನೀರಿಗೆ ಏನಾಗಿತ್ತು? ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಹೇಳುವಂಥದ್ದಲ್ಲ. ಆದರೆ ತೊಟ್ಟಿಯ ಚಿಪ್ಪಿನ ಚೂರುಗಳು ತಾಮ್ರವನ್ನು ಹೀರಿ ಇಟ್ಟುಕೊಂಡಿರುತ್ತವೆ. ಹೇಳದಿದ್ದರೆ ಅವನ್ನು ತೆಗೆಯುವಂತಿಲ್ಲ. ತೆಗೆಯದಿದ್ದರೆ ಈ ಹೂವೂ ಸಾಯುತ್ತದೆ, ಮುಂದೆ ತರುವ ಹೂವೂ ಸಾಯುತ್ತದೆ, ಪ್ರತಿ ಸಲವೂ ಬಾಯಿ ಟೇಪು ಹಿಡಿದು ಅಂಗುಲ ಬರೆಯುತ್ತಾರೆ. ಅದನ್ನು ಪಕ್ಕದ ಕುರ್ಚಿಯಲ್ಲಿ ಕೂತು ನೋಡುವಷ್ಟು ಒಂಟಿತನ ನನಗಿರಲಿಲ್ಲ.

ಶುಕ್ರವಾರ ಕ್ಯಾನು ಇಲ್ಲದೆ ಹೋದೆ. ಆ ನೀಲಿಯನ್ನು ಇಂಜೆಕ್ಷನ್ನಿನ ಖಾಲಿ ಶೀಶೆಯಲ್ಲಿ ತುಂಬಿ ಅಂಗಿಯ ಜೇಬಿನಲ್ಲಿಟ್ಟಿದ್ದೆ.

“ನೀರ ಎಲ್ಲಿ?” ಎಂದರು ಬಾಯಿ, ಬಾಗಿಲಲ್ಲೇ.

ಶೀಶೆ ಕೊಟ್ಟೆ. “ಬಾಯಾರ, ಹೂವಿಗೆ ಜಡ್ಡ ತಂದಾವ ನಾನ. ನನ್ನ ಹಂಡೇದಾಗಿನ ತಾಮ್ರ ಇದು. ಹೂವಿಗೆ ಇದು ವಿಷರಿ.”

ಅವರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಮತ್ತೊಮ್ಮೆ ನೋಡಿದರು.

“ಯಾರ್ ತಂದ್ರು ಅಂತ ದವಾಖಾನ್ಯಾಗ ಕೇಳೂದಿಲ್ರಿ ಮಾಸ್ತರ. ಯಾವಾಗಿಂದ ಅಂತ ಕೇಳತೇವಿ.”

ಚಾರ್ಟಿನ ಹಳೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬೆರಳು ಷರಾದ ಸಾಲಿನ ಮೇಲೆ ಜಾರುತ್ತಾ ಬಂದು ಮೊದಲ ‘ಮಾ. ನೀರು’ ಮೇಲೆ ನಿಂತಿತು. ಅಲ್ಲಿಂದ ಎರಡು ಹಾಳೆ ಮುಂದೆ ಹತ್ತು ಅಂಗುಲ ಒಂಬತ್ತಾಗಿತ್ತು. ಎಲ್ಲ ಅವರದೇ ಕೈಬರಹ.

“ನಾನ ಬರದೇನಿ, ನಾನ ಓದಿಲ್ಲ,” ಎಂದರು. ಶೀಶೆಯನ್ನು ಮೇಜಿನ ಮೇಲಿಟ್ಟು, “ತಾಮ್ರ ಅಂದ್ರ ಶುದ್ಧ ಅಂತ ನಮ್ಮವ್ವ ಹೇಳಿದ್ದು ಸುಳ್ಳೇನ ಹಂಗಾರ?”

“ಸುಳ್ಳಲ್ರಿ. ನೀರಾಗಿನ ಹುಳಾ ಸಾಯತಾವಂತನ ನಮಗ ಶುದ್ಧ. ಇದೂ ಆ ಹುಳದ ಪೈಕಿನ, ಏನ ಮಾಡೂದು.”

ಅವರು ತಲೆದೂಗಿದರು. ಆ ಪ್ರಶ್ನೆ ಬಂತು.

“ನಮ್ಮ ಬಕೀಟದ ನೀರಿಗೆ ಏನಾಗಿತ್ತ ಮಾಸ್ತರ?”

“ಏನೂ ಆಗಿದ್ದಿಲ್ರಿ.”

“ಬ್ಲೀಚಿಂಗ್?”

“ಇಟ್ಟ ನೀರಾಗ ಒಂದ ದಿವಸಕ್ಕ ಹೋಗತದರಿ ಅದು.”

ಬಾಯಿ ನನ್ನನ್ನು ನೋಡಿದರು. ನಾನು ಲಾರಿಯ ಟ್ಯೂಬನ್ನು ನೋಡಿದೆ. ಅವರು ಹಾಳೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಕ್ಲಿಪ್ಪು ಹಾಕಿದರು. “ಸಮುದ್ರದ ನೀರ ಎಷ್ಟ ಅದ ನಮ್ಮ ಕಡೆ?” ಎಂದರು.

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮೂರು ಕ್ಯಾನು ಇದ್ದವು, ಅರವತ್ತು ಲೀಟರು. ಹೊಸದು ಬರುವಂತಿರಲಿಲ್ಲ. ಮಳೆಗಾಲ ಶುರುವಾಗಿ ದೋಣಿಗಳು ದಡಕ್ಕೆ ಬಂದಿದ್ದವು. ಮಳೆನೀರು ಬೆರೆತ ಅಂಚಿನ ಕೆಂಪು ನೀರನ್ನು ತಂದರೆ ಲ್ಯಾಕ್ಟೋಮೀಟರ್ ತಳ ಕಾಣುತ್ತಿತ್ತು. ಗಣಪತಿ ಹಬ್ಬ ಮುಗಿಯುವ ತನಕ ಸಮುದ್ರ ಬಂದ್.

ಇಷ್ಟು ನೀರಿಗೆ ತೊಟ್ಟಿ ಅರ್ಧವೂ ತುಂಬದು. ಬಾಯಿ ನಿಂತಲ್ಲೇ ತೀರ್ಮಾನಿಸಿದರು. ಮೀನು ತಾಮ್ರ ತಡೆಯುತ್ತವೆ, ಇರುವಲ್ಲೇ ಇರಲಿ. ಹೂವನ್ನು ಬೇರೆ ಇಡಬೇಕು, ಒಳ್ಳೆಯ ನೀರೆಲ್ಲ ಅದಕ್ಕೆ, ದಿನಕ್ಕೆ ಹತ್ತು ಲೀಟರಿನಂತೆ. ಆರು ದಿನ. ಆರು ದಿನದಲ್ಲಿ ಅದು ಊಟ ಮಾಡಿದರೆ ಮುಂದಿನದು ಮುಂದೆ. ಇಟ್ಟುಕೊಂಡರೆ ಬೇರೆ ಅಪಾಯವೂ ಇತ್ತು: ಹೂವು ತೊಟ್ಟಿಯೊಳಗೇ ಸತ್ತರೆ ಕೊಳೆತು, ಒಂದು ಹಗಲಿನಲ್ಲಿ ಮೀನನ್ನೂ ಕೊಲ್ಲುತ್ತದೆ.

ಹೂವನ್ನು ಎಬ್ಬಿಸುವ ಕೆಲಸಕ್ಕೆ ಒಂದು ತಾಸು ಹಿಡಿಯಿತು. ಎಳೆದರೆ ಬುಡ ಹರಿಯುತ್ತದೆ. ಕಲ್ಲನ್ನು ತಲೆಕೆಳಗಾಗಿ ಹಿಡಿದು, ಉಗುರಿನಿಂದ ಒಂದೊಂದೇ ಕಡೆ ಬಿಡಿಸುತ್ತಾ, ನಡುವೆ ಅದು ಬಿಗಿಯಾದರೆ ಕೈ ತೆಗೆದು ಕಾಯಬೇಕು. ಬಾಯಿ ಕೈಗವಸು ಹಾಕಲಿಲ್ಲ. “ಬೆರಳಿಗೆ ಕುಟುಕೂವಷ್ಟ ಕಸುವು ಅದಕ್ಕಿನ್ನೂ ಅದ ಅಂದ್ರ ಆಸೆ ಅದ,” ಎಂದರು. ಕುಟುಕಲಿಲ್ಲ. ಬಿಳಿ ಎನಾಮಲ್ಲಿನ ಆಸ್ಪತ್ರೆ ಬೇಸಿನ್ನಿನಲ್ಲಿ, ಕಿಟಕಿಯ ಬೆಳಕಿಗೆ ಇಟ್ಟೆವು. ಸಲೈನ್ ನಳಿಗೆಯ ಗಾಳಿ, ನಿಮಿಷಕ್ಕೆ ಅರವತ್ತು.

ಮೀನುಗಳು ಸಂಜೆಯವರೆಗೆ ಖಾಲಿ ಕಲ್ಲನ್ನು ಸುತ್ತಿದವು. ಆಮೇಲೆ ಗಾಳಿಯ ಗುಳ್ಳೆ ಏಳುವ ಮೂಲೆಗೆ ಹೋಗಿ ಅದರೊಳಗೆ ಮೈ ಉಜ್ಜಿಕೊಳ್ಳಲು ನೋಡಿದವು. ಗುಳ್ಳೆಗಳು ಅವನ್ನು ಮೇಲಕ್ಕೆ ತಳ್ಳುತ್ತಿದ್ದವು.

ಆ ಆರು ದಿನವೂ ನಾನು ಖಡಕಿಗೆ ಹೋದೆ. ಬೆಳಿಗ್ಗೆ ನೀರು ಬದಲಿಸಿ ಅಂಗಡಿಗೆ, ಸಂಜೆ ಮತ್ತೆ ಅಲ್ಲಿಗೆ. ಮಳೆಯಲ್ಲಿ ತೊಯ್ದು ಹೋದರೆ ಬಾಯಿ ಟವೆಲು ಕೊಟ್ಟು, “ತಲಿ ಒರಸಿಕೋರಿ, ನಿಮ್ಮನ್ನೂ ಭರ್ತಿ ಮಾಡೂವಷ್ಟ ಜಾಗಾ ಇಲ್ಲಿಲ್ಲ,” ಎನ್ನುತ್ತಿದ್ದರು. ಮೀನಿನ ಹೊಲಸು ಕರಗಿಸಲು ಒಂದು ಪಾಲನ್ನು ಬಿಟ್ಟು, ತೊಟ್ಟಿಯ ಉಳಿದ ಚಿಪ್ಪಿನ ಚೂರನ್ನು ಬೊಗಸೆ ಬೊಗಸೆಯಾಗಿ ಇಬ್ಬರೂ ಕೂಡಿ ತೆಗೆದೆವು. ಊಟಕ್ಕೆ ಅಲ್ಲೇ ಕೂತೆ, ಮೂರು ಸಲ. ಊರಿನ ಮಾತು, ಧಾರವಾಡದ ಮಳೆ, ಯಾರೋ ಸತ್ತವರ ಮಾತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಹೂವು ಉಳಿಯಲಿ ಎಂದು ನಾನು ಮನಸಾರೆ ಬಯಸಿದೆ, ಆದರೆ ಬೇಗ ಉಳಿಯಲಿ ಎಂದು ಬಯಸಲಿಲ್ಲ.

ಮೂರನೆಯ ದಿನ ಹೂವು ಅರ್ಧ ಬಿಚ್ಚಿತು. ಬಾಯಿ ಸಿಗಡಿಯ ಎಳೆಯೊಂದನ್ನು ಇಕ್ಕಳದಲ್ಲಿ ಕೊಟ್ಟರು. ಹಿಡಿದುಕೊಂಡಿತು. ನಾವು ಎರಡು ತಾಸು ಕಾದೆವು, ಹೊರಗೆ ಹಾಕಲಿಲ್ಲ. ಚಾರ್ಟಿನಲ್ಲಿ ‘ಆಹಾರ’ದ ಸಾಲಿಗೆ ಬಾಯಿ ಒಂದು ಗೆರೆ ಎಳೆದರು, ಸ್ಕೇಲು ಹಿಡಿದು.

ಐದನೆಯ ದಿನ ಅದರ ಬಾಯಿ ಬಿಗಿ ಕಳೆದುಕೊಂಡು ತೆರೆದೇ ಉಳಿಯಿತು. ಆರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಬಾಯಿ ಆಗಲೇ ಬೇಸಿನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿ, ಗಾಳಿಯ ಕ್ಲಿಪ್ಪು ಮುಚ್ಚಿದ್ದರು. ಚಾರ್ಟಿನಲ್ಲಿ ಹೊತ್ತು ಬರೆದಾಗಿತ್ತು: ಐದು ಇಪ್ಪತ್ತು.

“ಕಸಕ್ಕ ಹಾಕೂದ ಬ್ಯಾಡ,” ಎಂದರು. “ಹಿತ್ತಲದಾಗ ದಾಸವಾಳದ ಬುಡಕ್ಕ ಹಾಕ್ರಿ. ಆಳಕ್ಕ. ಬೆಕ್ಕ ಕೆದರತಾವ.”

ಹಾಕಿ, ಕೈ ತೊಳೆದು ಬಂದೆ. ಚಹಾ ಇತ್ತು. ಮೀನುಗಳು ಮೂಲೆಯಲ್ಲಿದ್ದವು. ತೊಟ್ಟಿ ತೆಗೆಯುವ ಮಾತು ಎತ್ತುತ್ತಾರೆಂದು ಕಾದೆ. ಅವರು ಮೀನುಗಳನ್ನೇ ನೋಡುತ್ತಾ ಕುಳಿತಿದ್ದು, ಕಡೆಗೆ ಅಂದರು:

“ಇವಕ್ಕ ಎಲ್ಲಿ ಹೋಗಂತ ಹೇಳೂದು. ಇರಲಿ ಬಿಡ್ರಿ. ಮಂಗಳವಾರ ಬರ್ರಿ. ನೀರ ನಮ್ಮ ಬಕೀಟದ ಹಾಕತೇನಿ.”

“ಹೌದ್ರಿ,” ಎಂದೆ.

ಮುಂದಿನ ಶುಕ್ರವಾರ ನಾನು ಬಟ್ಟೆ ಒಗೆದೆ. ಅವಲಕ್ಕಿ ಮಾಡಿಟ್ಟಿದ್ದರೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೆಪವಿಲ್ಲದೆ ಒಬ್ಬರ ಮನೆಗೆ ಹೋಗುವುದು ನನಗೆ ಗೊತ್ತಿರಲಿಲ್ಲ. ನೆಪವಿಲ್ಲದೆ ಕರೆಯುವುದು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಮಳೆಗಾಲ ಮುಗಿದ ಮೇಲೆ ಹೊಸ ಸಮುದ್ರದ ನೀರು, ಹೊಸ ಚಿಪ್ಪಿನ ಚೂರು ಹಾಕಿದೆವು. ಹೂವನ್ನು ಮತ್ತೆ ತರಿಸಲಿಲ್ಲ. ಮೀನುಗಳಲ್ಲಿ ದೊಡ್ಡದು ಮೂರು ವರ್ಷ, ಸಣ್ಣದು ನಾಲ್ಕು ವರ್ಷ ಬದುಕಿದವು. ಅಷ್ಟೂ ಕಾಲ ನಾನು ಆ ಮನೆಗೆ ಮಂಗಳವಾರ ಮಾತ್ರ ಹೋದೆ.